ನಾನು ಸರಿಸಿಟ್ಟ ಕಲ್ಲು

ಹನ್ನೊಂದರ ಬಸ್ಸು ಹಾದು ಹೋದ ಮೇಲೆ ನಾನು ರಸ್ತೆಯ ಮೇಲೆ ಹಾಸಿದ ಹೆಸರುಕಾಳಿನ ಬಳ್ಳಿಯನ್ನು ಕೋಲಿನಿಂದ ಮಗ್ಗಲು ಹೊರಳಿಸುತ್ತಿದ್ದೆ. ಅರ್ಧ ಕಾಯಿ ಒಡೆದಿದ್ದವು, ಇನ್ನರ್ಧ ಒಡೆದಿರಲಿಲ್ಲ. ಒಡೆಯದವನ್ನು ಮೇಲೆ ತಂದು ಹರವಿ ಮುಂದಿನ ಗಾಡಿಗೆ ಕಾಯಬೇಕು.

ಹೆಸರು ಬಡಿಯಲು ಕಣ ಮಾಡುವುದನ್ನು ನಮ್ಮೂರಿನವರು ಬಿಟ್ಟು ಆಗಲೇ ನಾಲ್ಕೈದು ವರ್ಷವಾಗಿತ್ತು. ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೋಗುವ ಡಾಂಬರು ರಸ್ತೆ ಊರ ಮುಂದೆಯೇ ಹಾಯುತ್ತದೆ. ಕಿತ್ತ ಬಳ್ಳಿಯನ್ನು ಅದರ ಮೇಲೆ ಹಾಸಿಬಿಟ್ಟರೆ ಬಸ್ಸು, ಲಾರಿ, ಟ್ರ್ಯಾಕ್ಟರು ತುಳಿದು ಕಾಳು ಬಿಡಿಸಿಕೊಡುತ್ತವೆ. ಎತ್ತು ಬೇಡ, ಆಳು ಬೇಡ. ಮನೆಗೊಂದು ತುಂಡು ರಸ್ತೆ ಅಂತ ನಾವೇ ಹಂಚಿಕೊಂಡಿದ್ದೆವು. ಶಾಲೆಯ ಗೋಡೆಯಿಂದ ದೊಡ್ಡ ಬೇವಿನ ಗಿಡದ ತನಕ ನಮ್ಮದು. ಅಲ್ಲಿಂದಾಚೆ ಮೈಲಾರವ್ವನ ಮನೆಯದು.

ರಸ್ತೆಯ ಒಂದು ಅಂಚಿಗೆ ಮೊಳ ಎರಡು ಮೊಳ ಜಾಗ ಖಾಲಿ ಬಿಡುವುದು ಪದ್ಧತಿ. ಸೈಕಲ್ಲಿನವರಿಗೆ, ನಡೆದು ಹೋಗುವವರಿಗೆ. ಆದರೆ ಲಾರಿಯವರು ಜಾಣರು. ಬಳ್ಳಿ ಗಾಲಿಗೆ ಸುತ್ತಿಕೊಳ್ಳುತ್ತದೆಂದು ಆ ಖಾಲಿ ಅಂಚಿನ ಮೇಲೆ ಒಂದು ಗಾಲಿ, ಕೆಳಗೆ ಮಣ್ಣಿನಲ್ಲಿ ಒಂದು ಗಾಲಿ ಹಾಕಿ ತಪ್ಪಿಸಿಕೊಂಡು ಹೋಗುತ್ತಿದ್ದರು. ಅವತ್ತು ಬೆಳಗಿನಿಂದ ಮೂರು ಲಾರಿ ಹಾಗೆ ಹೋದವು. ಮುಗಿಲು ಕಪ್ಪಾಗುತ್ತಿತ್ತು. ಮಳೆ ಬಂದರೆ ಕಾಳು ಮೊಳಕೆ ಒಡೆಯುತ್ತದೆ. ನಾನು ಬೇವಿನ ಗಿಡದ ಬುಡದಲ್ಲಿದ್ದ ಮೂರು ಕಲ್ಲನ್ನು ಉರುಳಿಸಿಕೊಂಡು ಬಂದು ಆ ಖಾಲಿ ಅಂಚಿನಲ್ಲಿ ಸಾಲಾಗಿ ಇಟ್ಟೆ.

ಮೈಲಾರವ್ವ ತನ್ನ ಕಡೆಯಿಂದ ನೋಡಿದಳು.

"ಶಿವಗಂಗಕ್ಕಾ, ಸೈಕಲ್ಲಿನವರು ಎಲ್ಲಿಂದ ಹೋಗಬೇಕು?"

"ಹೆಸರಿನ ಮ್ಯಾಲಿಂದ ಹೋಗಲಿ ಬಿಡ. ಅವರ ಗಾಲಿಗೂ ನಾಕು ಕಾಯಿ ಒಡೀಲಿ."

ಅವಳು ನಕ್ಕಳು. ನಾನೂ ನಕ್ಕೆ. ಅದು ನನಗೆ ಚೆನ್ನಾಗಿ ನೆನಪಿದೆ.

ನಾಲ್ಕು ಗಂಟೆಯ ಸುಮಾರಿಗೆ ಪಂಢರಿನಾಥ ಮಾಸ್ತರು ಅಣ್ಣಿಗೇರಿ ಕಡೆಯಿಂದ ಸೈಕಲ್ ಮೇಲೆ ಬಂದರು. ಒಂದು ಕೈಯಲ್ಲಿ ಹ್ಯಾಂಡಲ್ಲು, ಬಲಗೈಯಲ್ಲಿ ಕಂದೀಲಿನ ಹೊಸ ಗಾಜು. ಚೀಲದಲ್ಲಿಟ್ಟು ತಂದರೆ ಒಡೆಯುತ್ತದೆಂದು ಅಷ್ಟು ದೂರ ಕೈಯಲ್ಲೇ ಹಿಡಿದು ತಂದಿದ್ದರು. ಹಳೆಯ ಗಾಜು ಸೀಳಿ, ನಾವು ಹೆಂಗಸರು ಅಕ್ಷರ ಕಲಿಯುವ ರಾತ್ರಿ ಸಾಲೆ ನಾಲ್ಕು ದಿನದಿಂದ ನಿಂತಿತ್ತು. ದೂರದಿಂದಲೇ ನನ್ನನ್ನು ನೋಡಿ ಗಾಜನ್ನು ಮೇಲೆತ್ತಿ ತೋರಿಸಿದರು.

"ಆಯಿ, ತಂದೇರಿ!"

ಕಲ್ಲು ಕಂಡ ಮೇಲೆ ಬಳ್ಳಿಯ ಮೇಲೆ ತಿರುಗಿಸಿದರು. ಒಣಗಿದ ಹೆಸರಿನ ಕೆಳಗೆ ಬಿಡಿಕಾಳು ಗುಂಡಿನ ಹಾಗೆ ಉರುಳುತ್ತದೆ. ಸೈಕಲ್ಲು ಜಾರಿತು. ಅವರು ಕಲ್ಲಿನ ಮೇಲೆ ಬಿದ್ದರು, ಕೈಯಲ್ಲಿದ್ದ ಗಾಜು ಕೈಯ ಕೆಳಗೆ ಸಿಕ್ಕಿ ಒಡೆದು ಮಣಿಕಟ್ಟು ಕೊಯ್ದಿತು.

ನಾನು ಓಡಲಿಲ್ಲ. ಕೋಲು ಹಿಡಿದು ನಿಂತೇ ಇದ್ದೆ. ಮೈಲಾರವ್ವನೇ ಓಡಿ ಬಂದು ತನ್ನ ಸೆರಗು ಹರಿದು ಮಣಿಕಟ್ಟಿಗೆ ಬಿಗಿದಳು.

*

ಈ ಮಾಸ್ತರು ನಮ್ಮ ಮನೆಯ ಪಡಸಾಲೆಯ ಬಾಜು ಖೋಲಿಯಲ್ಲಿ ಇದ್ದರು. ಬಂದು ಮೂರು ವರ್ಷವಾಗಿತ್ತು, ಆಗ ಅವರಿಗೆ ಇಪ್ಪತ್ತೆರಡು. ಊರು ಅಳ್ನಾವರ. ತಂದೆ ಬಾಳಕೃಷ್ಣಪಂತರು ರೈಲ್ವೆಯಲ್ಲಿದ್ದು ತೀರಿಕೊಂಡಿದ್ದರು. ತಾಯಿ ನರ್ಮದಾಬಾಯಿ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡು ಅಲ್ಲೇ ಇದ್ದರು. ಮಾಸ್ತರಿಕೆಯ ಟ್ರೇನಿಂಗಿಗೆ ಒಂದು ವರ್ಷ ಅರ್ಜಿ ಹಾಕಿ ಸೀಟು ಸಿಗದೆ, ಸುಮ್ಮನೆ ಕೂಡಬಾರದೆಂದು ನಮ್ಮೂರಿನ ವಯಸ್ಕರ ಸಾಲೆಗೆ ಬಂದಿದ್ದರು. ಮತ್ತೊಮ್ಮೆ ಅರ್ಜಿ ಹಾಕುವವರಿದ್ದರು. ಪ್ರತಿ ರವಿವಾರ ಮುಂಜಾನೆ ಕಟ್ಟೆಯ ಮೇಲೆ ಕೂತು ತಾಯಿಗೆ ಒಂದು ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದರು. ಅಕ್ಷರ ಮುತ್ತು ಪೋಣಿಸಿದ ಹಾಗೆ.

ನನಗೆ ಅಕ್ಷರ ಕಲಿಸಿದವರು ಇವರೇ. ಮೊದಲು ಕಲಿಯಲು ಕೂತಾಗ ನನಗೆ ಐವತ್ತೊಂಬತ್ತು. ಪೆನ್ಸಿಲ್ ಹಿಡಿದರೆ ಮುರಿಯುತ್ತಿತ್ತು. ಬಳಪ ಹಿಡಿದರೆ ಪಾಟಿಯೇ ಜಾರಿ ಬೀಳುತ್ತಿತ್ತು. ಕೊನೆಗೆ ಅವರು ಕಾಳು ಕೇರುವ ಮೊರದಲ್ಲಿ ಜೋಳ ಹರವಿ, "ಇದರಾಗ ಬೆರಳಿಲೆ ಬರೀರಿ ಆಯಿ, ಇದು ನಿಮ್ಮ ಕೈಗೆ ಗೊತ್ತಿದ್ದ ಸಾಮಾನ ಅದ" ಎಂದರು. ಹದಿನೈದು ದಿನ ಜೋಳದಲ್ಲೇ ಬರೆದೆ. ನನ್ನ ಮೊದಲ 'ಅ' ನೋಡಿ, "ಆಯಿ, ನಿಮ್ಮ 'ಅ' ಬಸರಿ ಆಗ್ಯದ ನೋಡ್ರಿ" ಎಂದರು. ಸಾಲೆಯ ಹನ್ನೊಂದು ಮಂದಿ ಹೆಂಗಸರು ಉಸಿರು ಹತ್ತುವ ತನಕ ನಕ್ಕಿದ್ದೆವು.

ಮಾಸ್ತರು ಬಿದ್ದ ದಿನ ಖಾಜಾಸಾಬ ತನ್ನ ಲಾರಿಯಲ್ಲಿ ಅವರನ್ನು ಹುಬ್ಬಳ್ಳಿ ದವಾಖಾನೆಗೆ ಒಯ್ದ. ಖಾಜಾಸಾಬ ಅಳ್ನಾವರದಿಂದ ಬಿದಿರು, ಕಟ್ಟಿಗೆ ತಂದು ಮಾರುವವನು. ಬೆಳಗ್ಗೆ ನನ್ನ ಹೆಸರು ತಪ್ಪಿಸಿಕೊಂಡು ಹೋದ ಲಾರಿಗಳಲ್ಲಿ ಅವನದೂ ಒಂದು.

ಹನ್ನೆರಡು ದಿನಕ್ಕೆ ಮಾಸ್ತರು ತಿರುಗಿ ಬಂದರು. ಗಾಯ ಮಾಯ್ದಿತ್ತು. ಆದರೆ ನರ ಕತ್ತರಿಸಿ ಹೋಗಿತ್ತು. ಡಾಕ್ಟರು, ಹೊಲಿಗೆ ಹಾಕಿದ್ದೇವೆ, ಎಷ್ಟು ಬರುತ್ತದೋ ಹೇಳಲಿಕ್ಕಾಗದು ಎಂದಿದ್ದರಂತೆ. ಹೆಬ್ಬೆರಳು, ಅದರ ಬಾಜು ಎರಡು ಬೆರಳು ಮಡಚುತ್ತಿರಲಿಲ್ಲ. ಬಿಸಿ ಚಹಾದ ಬಟ್ಟಲಿಗೆ ಹಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಆ ಬೆರಳಿನ ತುದಿ ಬೊಬ್ಬೆ ಎದ್ದಿತ್ತು. "ಯಾವಾಗ ಸುಟ್ಟತೋ ಏನೋ" ಎಂದರು, ಬೇರೆ ಯಾರದೋ ಕೈಯ ಸುದ್ದಿ ಹೇಳುವವರ ಹಾಗೆ.

ನಾನು ಅವರ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಬರೆಯದ ಒಂದು ಇನ್‌ಲ್ಯಾಂಡ್ ಸಿಕ್ಕಿತು. ಬಿದ್ದ ದಿನವೇ ಅಣ್ಣಿಗೇರಿಯಲ್ಲಿ ಕೊಂಡದ್ದು. ಒಂದು ಮೂಲೆಗೆ ರಕ್ತ ಹತ್ತಿ ಒಣಗಿತ್ತು. ಗೋಡೆಯ ಮಾಡದಲ್ಲಿ ಇಟ್ಟೆ.

"ಅವ್ವಾರಿಗೆ ಒಂದು ಕಾಗದ ಹಾಕಬೇಕಲ್ರಿ ಮಾಸ್ತರ" ಎಂದೆ. "ನೀವು ಹೇಳ್ರಿ, ನಮ್ಮ ಮೊಮ್ಮಗಳು ರೇವವ್ವ ಬರೀತಾಳ."

"ಬ್ಯಾಡ್ರಿ. ಬ್ಯಾರೆ ಅಕ್ಷರ ನೋಡಿದ ಕೂಡಲೆ ನಾ ಸತ್ತೇ ಹೋದೆ ಅಂತ ತಿಳೀತಾಳ ಅಕಿ. ಅಜ್ಜೀನ ಬಿಟ್ಟು ಬರಲಿಕ್ಕೂ ಆಗೂದಿಲ್ಲ. ನಾನ ಬರೀತೇನಿ."

"ಯಾವಾಗ್ರಿ?"

ಅವರು ಎದ್ದು ಖೋಲಿಗೆ ಹೋದರು.

*

ಆ ದಿನಗಳ ಬಗ್ಗೆ ಬರೆಯಲು ಹೆಚ್ಚಿಗೆ ಏನೂ ಇಲ್ಲ. ಅವರು ಮುಂಜಾನೆ ಎದ್ದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಬಿಸಿಲು ಬಂದರೆ ಒಳಗೆ, ಬಿಸಿಲು ಹೋದರೆ ಹೊರಗೆ. ಊಟಕ್ಕೆ ಕರೆದರೆ ಬರುತ್ತಿದ್ದರು, ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದರು. ಸಾಲೆಯ ಬಾಗಿಲಿಗೆ ಕೀಲಿ ಬಿದ್ದಿತ್ತು. ನನಗೂ ಅಷ್ಟೇ. ಸಗಣಿ ಬಳಿದೆ, ರೊಟ್ಟಿ ಬಡಿದೆ, ದನಕ್ಕೆ ನೀರಿಟ್ಟೆ. ಅಳು ಬಂದೀತೆಂದು ಕಾದೆ. ಬರಲಿಲ್ಲ. ಎದೆಯೊಳಗೆ ಯಾರೋ ಹಸಿ ಮಣ್ಣು ಮೆತ್ತಿಟ್ಟ ಹಾಗೆ ಇತ್ತು.

ಆ ಹೆಸರನ್ನು ನನ್ನ ಮಗ ಹೊಳೆಪ್ಪ ಗುಡಿಸಿ, ತೂರಿ, ಒಂದು ಚೀಲ ಮಾಡಿ ಮೂಲೆಗೆ ನಿಲ್ಲಿಸಿದ್ದ. ಅದನ್ನು ಮಾರಲು ಒಯ್ಯಲಿಲ್ಲ, ಅಡುಗೆಗೂ ತೆಗೆಯಲಿಲ್ಲ. ಹಾಗೆ ಮಾಡಬೇಡಿ ಎಂದು ಯಾರೂ ಹೇಳಿರಲಿಲ್ಲ. ಕೈ ಹೋಗಲಿಲ್ಲ, ಅಷ್ಟೇ.

ನಾನು ಇಟ್ಟ ಕಲ್ಲಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಲ್ಲು ಎಲ್ಲಿಂದ ಬಂತು ಅನ್ನುವುದು ಅವರಿಗೆ ಗೊತ್ತಿದೆಯೋ ಇಲ್ಲವೋ ನನಗೆ ತಿಳಿಯದು. ಮೈಲಾರವ್ವ ಯಾರಿಗೂ ಹೇಳಿರಲಿಲ್ಲ. ಅವಳು ಬಾಯಿಬಡುಕಿ ಅಂತ ಊರೆಲ್ಲ ಅನ್ನುತ್ತದೆ.

ಮೊದಲು ಆ ಖೋಲಿಯ ಬಾಗಿಲು ಬಡಿದವಳು ನನ್ನ ಮೊಮ್ಮಗಳು ರೇವವ್ವ. ಹೊಳೆಪ್ಪನ ಮಗಳು, ಆಗ ಹದಿನಾರು. ಏಪ್ರಿಲ್‌ನಲ್ಲಿ ಮ್ಯಾಟ್ರಿಕ್ ಪರೀಕ್ಷೆಯಲ್ಲಿ ಗಣಿತವೊಂದು ಬಿದ್ದಿತ್ತು. ಮೂವತ್ತೈದು ಬೇಕು, ಇಪ್ಪತ್ತೊಂಬತ್ತು ಬಂದಿತ್ತು. ಮೂರು ತಿಂಗಳು ಅವಳು ನೀರಿಗೂ ಹೊರಗೆ ಹೋಗಿರಲಿಲ್ಲ. ಮಾಸ್ತರೇ ಬೆನ್ನು ಹತ್ತಿ ಅಕ್ಟೋಬರ್ ಪರೀಕ್ಷೆಗೆ ಕಟ್ಟಿಸಿ, ದಿನಾ ಸಂಜೆ ಲೆಕ್ಕ ಹೇಳಿಕೊಡುತ್ತಿದ್ದರು. ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿತ್ತು.

"ಸರ್, ಬೀಜಗಣಿತ ಹೇಳ್ರಿ."

"ರೇವವ್ವಾ, ನನಗ ಬರೀಲಿಕ್ಕೆ ಬರೂದಿಲ್ಲ."

"ಬಾಯಿ ಬರತೈತಲ್ರಿ. ನೀವು ಬಾಯಿಲೆ ಹೇಳ್ರಿ, ನಾ ಬರೀತೀನಿ."

ಅವರು ಗೋಡೆ ಕಡೆ ಮುಖ ಮಾಡಿದರು. ಇವಳು ಹೋಗಲಿಲ್ಲ.

"ನಾ ಫೇಲಾದಾಗ ನೀವೇನು ಅಂದಿದ್ರಿ, ನೆನಪೈತಿಲ್ರಿ?"

"ಇಲ್ಲ."

"ಆರು ಮಾರ್ಕಿಗೆ ಸತ್ತವರು ಯಾರೂ ಇಲ್ಲ, ಎದ್ದು ಮಾರಿ ತೊಳಕೊ ಅಂದಿದ್ರಿ. ಹಂಗಾರ ಮೂರು ಬೆರಳಿಗೂ ಯಾರೂ ಸಾಯೂದಿಲ್ರಿ. ಎದ್ದು ಮಾರಿ ತೊಳಕೋರಿ."

ನಾನು ಒಲೆಯ ಮುಂದೆ ಇದ್ದೆ. ಇವಳ ಬಾಯಿಗೆ ಈಗ ಏಟು ಬೀಳುತ್ತದೆ ಅಂದುಕೊಂಡೆ. ಆಮೇಲೆ ಬಚ್ಚಲಲ್ಲಿ ತಂಬಿಗೆಯ ಸದ್ದು ಕೇಳಿತು.

ಅವತ್ತಿನಿಂದ ಅವರು ಕಣ್ಣು ಮುಚ್ಚಿ ಲೆಕ್ಕ ಹೇಳುವರು, ಇವಳು ಬರೆಯುವಳು. ಬರೆದು ತೋರಿಸಿದರೆ, "ಮೂರನೇ ಸಾಲಿನಾಗ ಅಧಿಕ ಚಿಹ್ನಾ ಎಲ್ಲಿ ನುಂಗಿದಿ?" ಎಂದು ಬೈಯುವರು. ಮೊದಲು ಅವರೇ ಬರೆದು ತೋರಿಸುತ್ತಿದ್ದರು, ಇವಳು ನೋಡಿ ತಲೆಯಾಡಿಸುತ್ತಿದ್ದಳು. ಈಗ ಪ್ರತಿ ಸಾಲನ್ನೂ ಇವಳೇ ಬರೆಯಬೇಕಾಯಿತು.

*

ದೀಪಾವಳಿ ಬಂತು. ಮಾಸ್ತರು ಊರಿಗೆ ಹೋಗಲಿಲ್ಲ. ತಾಯಿಯಿಂದ ಆ ತನಕ ನಾಲ್ಕು ಕಾರ್ಡು ಬಂದಿದ್ದವು. "ಚಿರಂಜೀವಿ ಪಂಢರಿನಾಥಗೆ ನರ್ಮದೆಯ ಆಶೀರ್ವಾದ. ನಿನ್ನ ಪತ್ರ ಬಂದು ಏಳು ವಾರವಾದವು." ಆಮೇಲಿನದರಲ್ಲಿ ಎಂಟು. ಅವರು ಓದಿ ಹಾಸಿಗೆಯ ಕೆಳಗೆ ಇಡುತ್ತಿದ್ದರು. ಖಾಜಾಸಾಬನ ಕೈಯಲ್ಲಿ ಎರಡು ಸಲ, "ಕೆಲಸ ಭಾಳ ಅದ, ಆರಾಮ ಇದ್ದೇನಿ" ಎಂದು ಬಾಯಿಮಾತು ಹೇಳಿ ಕಳಿಸಿದ್ದರು.

ಹಬ್ಬ ಮುಗಿದ ಮೂರನೆಯ ದಿನ ಖಾಜಾಸಾಬ ಬಿದಿರಿನ ಲಾರಿ ನಿಲ್ಲಿಸಿ ಸೀದಾ ನಮ್ಮ ಕಟ್ಟೆಗೆ ಬಂದ. ಕೈಯಲ್ಲಿ ಡಬ್ಬಿ ಇತ್ತು.

"ತೊಗೋರಿ ಮಾಸ್ತರ, ನಿಮ್ಮ ಅವ್ವಾರು ಕೊಟ್ಟ ಹಬ್ಬದ ಕರಚಿಕಾಯಿ. ಇನ್ನ ಮ್ಯಾಲೆ ನಾ ನಿಮ್ಮ ಮನೀಗೆ ಹೋಗಂಗಿಲ್ಲ."

"ಯಾಕ್ರಿ ಖಾಜಾಸಾಬ?"

"ಹದಿನೆಂಟು ವರ್ಷ ಲಾರಿ ಹೊಡದೀನಿ, ಪೊಲೀಸರ ಮುಂದ ನಾಲಿಗಿ ತೊದಲಿಲ್ಲ. ನಿಮ್ಮ ಅವ್ವಾರ ಮುಂದ ತೊದಲೀತು. 'ಖಾಜಾಸಾಬ, ನನ್ನ ಮಗಾ ಆರಾಮ ಇದ್ದಾನೇನು?' ಅಂದ್ರು. 'ಹೌದ್ರಿ' ಅಂದೆ. 'ನನ್ನ ಮಾರಿ ನೋಡಿ ಹೇಳು' ಅಂದ್ರು. ನಾ ಬಿದಿರಿನ ಮಾರಿ ನೋಡಿದೆ."

ಮಾಸ್ತರು ಡಬ್ಬಿಯನ್ನು ಎಡಗೈಯಿಂದ ಬಾಜುವಿಗೆ ಸರಿಸಿದರು.

"ಏನಂದ್ರು ಗೊತ್ತೇನ್ರಿ? 'ಮುಂದಿನ ಸಲ ಅವನ ಕೈಲೆ ಬರದ ಕಾಗದ ತೊಗೊಂಡು ಬಾ. ಇಲ್ಲಂದ್ರ ನನ್ನ ಬಾಗಲಕ ಬರಬ್ಯಾಡ.' ಚಹಾ ಸೈತ ಕೊಡಲಿಲ್ಲ ನೋಡ್ರಿ. ಪ್ರತಿ ಸಲ ಎರಡು ಕಪ್ಪು ಕೊಡತಿದ್ರು."

ಅವನು ಹೋದ ಮೇಲೆ ಮಾಸ್ತರು ಹೇಳಿದರು, "ಆಯಿ, ನಾ ಸಾಲಿ ಬಿಡತೇನ್ರಿ. ಬರೀಲಿಕ್ಕೆ ಬರದವ ಎಂಥಾ ಮಾಸ್ತರ? ಟ್ರೇನಿಂಗಿನವರು ಬೋರ್ಡಿನ ಮ್ಯಾಲೆ ಬರೀ ಅಂತ ಮೊದಲ ಕೈಯಾಗ ಖಡೂ ಕೊಡತಾರ. ಅಳ್ನಾವರಕ್ಕ ಹೋಗಿ ಸೋದರಮಾವನ ಅಂಗಡಿಯೊಳಗ ಕೂಡತೇನಿ. ಅವ್ವಗ ಅಲ್ಲೇ ಹೋಗಿ ಕೈ ತೋರಸತೇನಿ."

ನಾನು ಒಳಗೆ ಹೋದೆ. ಮೂಲೆಯಲ್ಲಿದ್ದ ಚೀಲದ ಬಾಯಿ ಬಿಚ್ಚಿದೆ. ಹೆಸರಿಗೆ ನುಸಿ ಹತ್ತಿತ್ತು. ಎರಡು ಬೊಗಸೆ ಮೊರಕ್ಕೆ ಹಾಕಿ, ಕೇರಿ, ಹರವಿ, ತಂದು ಅವರ ಮುಂದೆ ಇಟ್ಟೆ.

"ಏನ್ರಿ ಇದು?"

"ಎಡಗೈಲೆ ಬರೀರಿ."

"ಆಯಿ, ಚೇಷ್ಟಿ ಬ್ಯಾಡ."

"ನನಗ ಐವತ್ತೊಂಬತ್ತು ಇದ್ದಾಗ ನೀವು ಮೊರ ಮುಂದಿಟ್ರಿ. ನಾನೂ ಚೇಷ್ಟಿ ಅಂತನ ತಿಳದಿದ್ದೆ. ಬರೀರಿ."

ಅವರು ಎಡಗೈಯ ತೋರುಬೆರಳಿನಿಂದ ಒಂದು 'ಅ' ಬರೆದರು. ಸುತ್ತು ತಿರುವುಮುರುವಾಗಿ ತಿರುಗಿತು. ಅಳಿಸಿ ಮತ್ತೆ ಬರೆದರು. ಹಾಗೇ. ನಮ್ಮ ಅಕ್ಷರವೆಲ್ಲ ಸುತ್ತು. ಬಲಗೈ ಎತ್ತ ಸುತ್ತುತ್ತಿತ್ತೋ ಎಡಗೈ ಅದರ ಎದುರಿಗೇ ಸುತ್ತುತ್ತಿತ್ತು. ಕನ್ನಡಿಯಲ್ಲಿ ಕಂಡ ಹಾಗೆ.

ಮೈಲಾರವ್ವ ಬಂದು ಬಗ್ಗಿ ನೋಡಿದಳು. "ಅಯ್ಯ ಮಾಸ್ತರ, ನಮ್ಮ 'ಅ' ಬಸರಿ ಅಂತಿದ್ರಿ. ನಿಮ್ಮದು ಹಡದು ಮಲಗೇತಲ್ರಿ, ಹೊಟ್ಟೀನ ಇಲ್ಲ."

ಅವರ ಬಾಯಿಯ ಒಂದು ಅಂಚು ಸರಿಯಿತು. ನಗು ಅನ್ನಲಿಕ್ಕಾಗದು.

ಎಂಟು ದಿನ ಹಾಗೇ ಹೋಯಿತು. ಮುಂಜಾನೆ ಅರ್ಧ ತಾಸು, ಮಧ್ಯಾಹ್ನ ಅರ್ಧ ತಾಸು. ಎಂಟನೆಯ ದಿನ ಅವರು ಮೊರವನ್ನು ಎತ್ತಿ ಒಗೆದರು. ಕಾಳು ಅಂಗಳ ತುಂಬ ಚೆಲ್ಲಿತು. ನಾನು ಒಂದೊಂದೇ ಆರಿಸಿಕೊಂಡೆ. ಅದಕ್ಕೆ ಸಂಜೆಯಾಯಿತು. ಆರಿಸುವಾಗ ನನಗೆ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಅವರು ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಇಳಿದು ಬಂದು ಬಾಜುವಿಗೆ ಕೂತು ಎಡಗೈಯಲ್ಲಿ ಕಾಳು ಆರಿಸಲು ಹತ್ತಿದರು.

ಆರಿಸಿದ ಕಾಳನ್ನು ಮತ್ತೆ ಚೀಲಕ್ಕೆ ಹಾಕಲು ಮನಸ್ಸಾಗಲಿಲ್ಲ. ಮರುದಿನ ಬೇಳೆ ಒಡೆಯೋಣವೆಂದು ಬೀಸುವ ಕಲ್ಲಿನ ಮುಂದೆ ಕೂತೆ. ಒಂದು ಸೇರು ಬೀಸುವ ಹೊತ್ತಿಗೆ ಬಲರಟ್ಟೆ ಸೋತಿತು. ಎಡಗೈಗೆ ಗೂಟ ಕೊಟ್ಟು ಬೀಸತೊಡಗಿದೆ. ಹೆಂಗಸರೆಲ್ಲ ಹಾಗೇ ಮಾಡುತ್ತೇವೆ. ಅದರಲ್ಲಿ ವಿಚಾರ ಮಾಡುವಂಥದ್ದು ಏನೂ ಇಲ್ಲ. ಅಷ್ಟರಲ್ಲಿ ನನ್ನ ಕೈ ನಿಂತಿತು.

"ತಮ್ಮಾ, ಇಲ್ಲಿ ಬಾ" ಎಂದೆ.

ಮೂರು ವರ್ಷದಲ್ಲಿ ನಾನು ಅವರನ್ನು ಹಾಗೆ ಕರೆದದ್ದು ಅದೇ ಮೊದಲು. ಬಂದರು.

"ಕೂಡು. ಎಡಗೈಲೆ ಗೂಟ ಹಿಡಿ. ತಿರುವು."

"ನಾನೇನ್ರಿ?"

"ಹೂಂ, ನೀನ. ಕೈ ಬದಲಾತಂತ ಕಲ್ಲು ಹಿಂದ ತಿರಗೂದಿಲ್ಲ. ಹಿಂದ ತಿರುವಿದ್ರ ಕಾಳು ಒಡೆಯೂದಿಲ್ಲ. ಕೈ ಕಲ್ಲಿನ ಹಿಂದ ಹೋಗಬೇಕು. ತಿರುವು."

ಅವರು ತಿರುವಿದರು. ಮೊದಮೊದಲು ತಡೆತಡೆದು. ಕಲ್ಲು ತಾನು ಹೋಗುವ ಕಡೆಗೇ ಅವರ ಕೈಯನ್ನು ಎಳೆದುಕೊಂಡು ಹೋಯಿತು. ನಾನು ಹಿಡಿ ಹಿಡಿ ಕಾಳು ಹಾಕುತ್ತಾ ಹೋದೆ. ಬಾಗಿಲಲ್ಲಿ ಮೈಲಾರವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬೀಸೂ ಪದಾ ಬರತಾವೇನ್ರಿ ಮಾಸ್ತರ? ಇಲ್ಲಂದ್ರ ನಾನ ಅಂತೀನಿ, ನೀವು ಸೊಲ್ಲು ಹಿಡೀರಿ. ಯಾರರ ಬಂದು ನೋಡಿದ್ರ ಶಿವಗಂಗಕ್ಕಗ ಪಗಾರ ಇಲ್ಲದ ಸೊಸಿ ಸಿಕ್ಕಾಳಂತಾರ."

"ಮೈಲಾರವ್ವ, ಹಾಜರಿ ಪುಸ್ತಕದಾಗ ನಿಮ್ಮ ಹೆಸರು ಹೊಡದು ಹಾಕತೇನಿ ನೋಡ್ರಿ."

"ಹಾಕ್ರಿ. ಎಡಗೈಲೆ ಹಾಕ್ರಿ, ನೋಡೂಣು."

ಒಂದು ತಾಸು ಬೀಸಿದರು. ಅಂಗಿ ಬೆನ್ನಿಗೆ ಅಂಟಿತ್ತು. ಆಮೇಲೆ ನಾನು ಕೇಳದೆಯೇ ಮೊರ ಎಳೆದುಕೊಂಡು, ಬೀಸಿದ ಹಿಟ್ಟುನುಚ್ಚಿನ ಮೇಲೆ ಬೆರಳಿಟ್ಟು ಸುತ್ತು ಹಾಕಿದರು. ಸುತ್ತು ಸರಿಯಾಗಿ ಬಂತು. ಸೊಟ್ಟ ಇತ್ತು, ಆದರೆ 'ಅ'ನೇ ಇತ್ತು. ನಾವು ಮೂವರೂ ಅದನ್ನು ನೋಡಿದೆವು. ಆ ಬೇಳೆಯನ್ನು ಅವತ್ತು ಬೇಯಿಸಿದೆವೋ ಇಲ್ಲವೋ ನನಗೆ ನೆನಪಿಲ್ಲ.

*

ಮೊರದಿಂದ ಪಾಟಿಗೆ ಬರಲು ಒಂದು ತಿಂಗಳು ಹಿಡಿಯಿತು. ನಡುವೆ ಸಾಲೆಯ ಬಾಗಿಲು ತೆರೆಯಿತು. ಬೋರ್ಡಿನ ಮೇಲೆ ರೇವವ್ವ ಬರೆಯುವಳು, ಮಾಸ್ತರು ಬಾಜುವಿಗೆ ನಿಂತು ಪಾಠ ಹೇಳುವರು. ಹೋಗುವ ಮುಂದೆ ಕೊನೆಯ ಒಂದು ಸಾಲನ್ನು ಮಾತ್ರ ಅವರೇ ಎಡಗೈಯಲ್ಲಿ ಬರೆಯಬೇಕೆಂದು ಹನ್ನೊಂದೂ ಮಂದಿ ಕೂಡಿ ಗೊತ್ತು ಮಾಡಿದ್ದೆವು. ಅವರು ಬರೆಯುವ ತನಕ ಯಾರೂ ಏಳುತ್ತಿರಲಿಲ್ಲ. ಒಮ್ಮೆ ಬರೆಯುವುದಿಲ್ಲ ಎಂದು ಹಟ ಹಿಡಿದರು. ಮೈಲಾರವ್ವ ಕಾಲು ಚಾಚಿ ಕೂತು, "ನಮಗೇನು, ಮನ್ಯಾಗ ಅಡಿಗಿ ಗಂಡಸರು ಮಾಡಕೋತಾರ" ಎಂದಳು. ಬರೆದರು. ಕೈಯ ಒತ್ತು ಬರೆದದ್ದರ ಮೇಲೆಯೇ ಹಾದು ಅಕ್ಷರ ಅರ್ಧ ಅಳಿಸುತ್ತಿತ್ತು. ಕೈಯನ್ನು ಸಾಲಿನ ಕೆಳಗೆ ಇಟ್ಟುಕೊಂಡು ಬರೆಯಲು ಅವರೇ ಕಂಡುಕೊಂಡರು.

ಡಿಸೆಂಬರಿನಲ್ಲಿ ಅಕ್ಟೋಬರ್ ಪರೀಕ್ಷೆಯ ಫಲಿತಾಂಶ ಬಂತು. ರೇವವ್ವನಿಗೆ ಗಣಿತದಲ್ಲಿ ನಲವತ್ತೊಂದು. ಅವಳು ಖೋಲಿಯ ಬಾಗಿಲಿಗೆ ಹೋಗಿ ಹೇಳಿದಳು. ಮಾಸ್ತರು, "ನಲವತ್ತೊಂದೋ? ಒಂಬತ್ತು ಮಾರ್ಕು ಎಲ್ಲಿ ಚೆಲ್ಲಿ ಬಂದಿ? ನಾ ಐವತ್ತು ಅಂದಿದ್ದೆ" ಎಂದರು. ಅವಳು ನಗುತ್ತಾ ಅತ್ತಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ನನ್ನೊಳಗಿನ ಮಣ್ಣು ಹಾಗೇ ಇತ್ತು.

ಇಷ್ಟಾದರೂ ಅವರು ತಾಯಿಗೆ ಬರೆದಿರಲಿಲ್ಲ. ಬೋರ್ಡಿನ ಮೇಲೆ ಬರೆಯುತ್ತಿದ್ದರು, ಪಾಟಿಯ ಮೇಲೆ ಬರೆಯುತ್ತಿದ್ದರು. ಕಾಗದ ಮುಂದಿಟ್ಟರೆ ಕೈ ನಿಲ್ಲುತ್ತಿತ್ತು. "ಇನ್ನಷ್ಟು ಛಲೋ ಆಗಲಿ" ಎನ್ನುತ್ತಿದ್ದರು. ಖಾಜಾಸಾಬ ಅಳ್ನಾವರಕ್ಕೆ ಹೋಗಿ ಬರುತ್ತಿದ್ದ, ಆ ಓಣಿಗೆ ಹಾಯುತ್ತಿರಲಿಲ್ಲ. ತಾಯಿಯ ಕಾರ್ಡು ಬರುವುದು ನಿಂತು ಹೋಗಿತ್ತು. ಅದರಿಂದ ನನಗೆ ಕಾರ್ಡು ಬರುವುದಕ್ಕಿಂತ ಹೆಚ್ಚು ಅಂಜಿಕೆಯಾಯಿತು.

ಸಂಕ್ರಾಂತಿಯ ಮರುದಿನ ಮುಂಜಾನೆ, ಕಟ್ಟೆಯ ಮೇಲೆ ಅವರು ಒಬ್ಬರೇ ಇದ್ದಾಗ, ಮಾಡದಲ್ಲಿದ್ದ ಆ ಇನ್‌ಲ್ಯಾಂಡ್ ತಂದು ಅವರ ಮುಂದೆ ಇಟ್ಟೆ.

"ನೀವು ಬರೀದಿದ್ರ ನಾ ಬರೀತೀನಿ" ಎಂದೆ. "ನನಗೂ ಅವರಿಗೆ ಬರಿಯೂದೈತಿ."

"ನೀವೇನು ಬರೀತೀರಿ?"

"ಆ ಕಲ್ಲು ಇಟ್ಟಾಕಿ ನಾನು ಅಂತ. ಸೈಕಲ್ಲಿನವರ ಹಾದಿಯೊಳಗ."

ನಾಲ್ಕು ತಿಂಗಳು ಬಾಯಲ್ಲಿಟ್ಟುಕೊಂಡದ್ದು ಹಾಗೆ ಹೊರಗೆ ಬಂತು. ಬಂದ ಮೇಲೆ ಹಗುರಾಗಲಿಲ್ಲ. ಸುಮ್ಮನೆ ಬಂತು.

ಅವರು ಇನ್‌ಲ್ಯಾಂಡಿನ ಮೂಲೆಯನ್ನು ನೋಡುತ್ತಿದ್ದರು.

"ಗೊತ್ತದ್ರಿ ಆಯಿ."

"ಯಾವಾಗಿಂದ?"

"ಬಿದ್ದ ದಿವಸದಿಂದ. ಅದು ನಿಮ್ಮ ತುಂಡು ರಸ್ತಾ ಅಲ್ಲೇನ್ರಿ? ಬ್ಯಾರೆಯವರು ಯಾಕ ಕಲ್ಲು ಇಡತಾರ?"

"ಮತ್ತ ನನ್ನ ಮನ್ಯಾಗ ಹೆಂಗ ಇದ್ರಿ? ನನ್ನ ಕೈ ರೊಟ್ಟಿ ಹೆಂಗ ಉಂಡ್ರಿ?"

ಅವರು ಜೇಬಿನಿಂದ ಪೆನ್ನು ತೆಗೆದರು.

"ಮೊದಲ ಒಂದು ತಿಂಗಳ ಉಣ್ಣೂ ಮುಂದ ಪ್ರತಿ ದಿವಸ ನೆನಪು ಬರ್ತಿತ್ತು. ಸುಳ್ಳು ಯಾಕ ಹೇಳಲಿ? ಆಮ್ಯಾಲೆ ನೀವು ಅಂಗಳದಾಗ ಕಾಳು ಆರಸಿದ ದಿವಸ ಬರಲಿಲ್ಲ. ಮತ್ತ ಒಂದೆರಡು ಸಲ ಬಂತು." ಪೆನ್ನಿನ ಟೊಪ್ಪಿಗೆಯನ್ನು ಹಲ್ಲಿನಿಂದ ತೆಗೆದರು. "ಈ ಕಾಗದ ಯಾಕ್ರಿ, ಇದಕ ಕಲಿ ಬಿದ್ದದ."

"ಹೊಸಾದು ತರಸ್ಲೇನು?"

"ಬ್ಯಾಡ. ಚಹಾದ ಕಲಿ ಅಂತ ತಿಳೀತಾಳ. ಅಕೀಗೂ ನನ್ನ ಕಾಗದದ ಮ್ಯಾಲೆ ಕಪ್ಪು ಇಡೂ ಛಟ ಅದ."

ಎಡಗೈಯಲ್ಲಿ ಬರೆಯತೊಡಗಿದರು. ಐದು ಸಾಲಿಗೆ ಮುಕ್ಕಾಲು ತಾಸು. ಬಲಗೈಯನ್ನು ಕಾಗದ ಹಾರದಂತೆ ಮೇಲೆ ಇಟ್ಟುಕೊಂಡಿದ್ದರು. ನಾನು ಓದಬಾರದೆಂದು ಅತ್ತ ತಿರುಗಿ ಕೂತಿದ್ದೆ. ಅವರೇ ಓದಿ ಹೇಳಿದರು.

"ತೀರ್ಥರೂಪ ಅವ್ವಗೆ ಸಾಷ್ಟಾಂಗ ನಮಸ್ಕಾರಗಳು. ಇದು ನನ್ನದೇ ಅಕ್ಷರ. ಬಲಗೈಗೆ ಪೆಟ್ಟಾಗಿ ಬೆರಳು ಮಡಚುವುದಿಲ್ಲ. ಎಡಗೈಯಿಂದ ಕಲಿತಿದ್ದೇನೆ, ಸೊಟ್ಟ ಇದೆ. ಮೇ ತಿಂಗಳಲ್ಲಿ ಟ್ರೇನಿಂಗಿಗೆ ಮತ್ತೆ ಅರ್ಜಿ ಹಾಕುತ್ತೇನೆ. ಖಾಜಾಸಾಬನಿಗೆ ಚಹಾ ಕೊಡು."

ಆಮೇಲೆ ಕಾಗದವನ್ನು ನನ್ನ ಕಡೆ ಸರಿಸಿದರು. ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟಿದ್ದರು.

ನಾನು ಅಲ್ಲಿಯ ತನಕ ಯಾರಿಗೂ ಪತ್ರ ಬರೆದವಳಲ್ಲ. ಪೆನ್ನು ಹಿಡಿದೆ. "ನರ್ಮದಾಬಾಯಿಯವರಿಗೆ ಶಿವಗಂಗವ್ವನ ಶರಣು. ಹಾದಿಯೊಳಗಿನ ಕಲ್ಲು ನಾನು ಇಟ್ಟಿದ್ದೆ. ನಿಮ್ಮ ಮಗ ಬೀಳಲಿ ಅಂತ ಇಟ್ಟದ್ದಲ್ಲ. ಇಟ್ಟದ್ದು ಹೌದು." ಅಷ್ಟರಲ್ಲಿ ಜಾಗ ತೀರಿತು. ಅವರು ಓದಿದರು. ಎರಡು ಕಡೆ ತಪ್ಪು ಇತ್ತಂತೆ. ತಿದ್ದಲಿಲ್ಲ.

ಟಪಾಲು ಡಬ್ಬಿ ಶಾಲೆಯ ಗೋಡೆಗೆ, ರಸ್ತೆಯ ಅಂಚಿಗೇ ಇತ್ತು. ಇಬ್ಬರೂ ಹೋದೆವು. ಆ ಮೂರು ಕಲ್ಲು ಬೇವಿನ ಬುಡಕ್ಕೆ ಮತ್ತೆ ಹೋಗಿದ್ದವು, ಒಂದರ ಮೇಲೆ ನಾಯಿ ಮಲಗಿತ್ತು. ಅವರು ಕಾಗದವನ್ನು ಬಲಗೈಯ ಬೆರಳ ಸಂದಿಗೆ ಸಿಕ್ಕಿಸಿ ಡಬ್ಬಿಯ ಬಾಯಿಗೆ ಹಿಡಿದರು. ಜಾರಿ ಕೆಳಗೆ ಬಿತ್ತು. ನಾನು ಬಗ್ಗಲಿಲ್ಲ. ಅವರೇ ಎಡಗೈಯಲ್ಲಿ ಎತ್ತಿ, ಧೂಳು ಒರೆಸಿ, ಮತ್ತೆ ಬಲಗೈಗೇ ಕೊಟ್ಟುಕೊಂಡರು. ಮಣಿಕಟ್ಟಿನಿಂದ ನೂಕಿದರು. ಡಬ್ಬಿ ಖಾಲಿ ಇದ್ದಿರಬೇಕು. ತಗಡಿನ ತಳಕ್ಕೆ ಬಿದ್ದ ಸಪ್ಪಳ ಇಬ್ಬರಿಗೂ ಕೇಳಿತು.